ಪ್ರೆಸ್ ಶಾಪಿನ ‘ನಾಸ್ತಿಕ’

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಪೀಣ್ಯದಲ್ಲಿ ಆಟೊ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸೇಫ್ಟಿ ಆಫೀಸರ್ ಆಗಿದ್ದೆ. ಆಯುಧಪೂಜೆ ಮುಗಿದು ಇನ್ನೂ ತೋರಣ ಬಾಡಿರಲಿಲ್ಲ, ತಗಡು ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ಆಪರೇಟರ್ ಮಂಜುನಾಥನ ಎರಡು ಬೆರಳು ಹೋದವು.

ಕಾರಣ ಕಣ್ಣೆದುರಿಗೇ ಇತ್ತು. ಪ್ರೆಸ್ ಇಳಿಯುವ ಜಾಗಕ್ಕೆ ಕೈ ಹೋಗದಂತೆ ತಡೆಯುವ ಜಾಲರಿ, ಅಂದರೆ ಗಾರ್ಡ್, ಅಲ್ಲಿರಲಿಲ್ಲ. ಕೆಲಸ ನಿಧಾನವಾಗುತ್ತದೆಂದು ಪ್ಲಾಂಟ್ ಮ್ಯಾನೇಜರ್ ನಾರಾಯಣಸ್ವಾಮಿಯವರೇ ಬಿಚ್ಚಿಸಿದ್ದರು. ನಾನು ಬೇಡವೆಂದು ಬರೆದುಕೊಟ್ಟಿದ್ದೆ. ಶಿಫ್ಟ್ ಸೂಪರ್‌ವೈಸರ್ ರುದ್ರಪ್ಪ ಜಗಳವನ್ನೇ ಆಡಿದ್ದರು.

ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪೂಜೆಯ ದಿನ ರುದ್ರಪ್ಪ ಪ್ರೆಸ್ಸಿಗೆ ಕೈಮುಗಿದಿರಲಿಲ್ಲ, ಬೂದುಗುಂಬಳಕಾಯಿ ಒಡೆಯಲು ಕರೆದರೆ ಬಂದಿರಲಿಲ್ಲ. ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. “ನಾಸ್ತಿಕನ ಕೈಗೆ ಶಿಫ್ಟ್ ಕೊಟ್ಟಿದ್ದಕ್ಕೇ ಹಿಂಗಾಗಿದ್ದು” ಎಂದು ಹಬ್ಬಿಸಿದರು. ರುದ್ರಪ್ಪನವರನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ವಿಚಾರಣೆ ಕರೆದರು. ಅದರ ಅಧ್ಯಕ್ಷರೂ ಮ್ಯಾನೇಜರೇ! ನನಗೆ ಮೈಯೆಲ್ಲ ಉರಿದುಹೋಯಿತು.

ರುದ್ರಪ್ಪ ಬಾಗಲಕೋಟೆ ಕಡೆಯವರು. ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನೀರೂ ಮುಟ್ಟದವರು. ಅದೊಂದನ್ನು ಬಿಟ್ಟು ಬೇರೆಯದಕ್ಕೆ ಕೈಮುಗಿಯದ ಮನೆಯಲ್ಲಿ ಬೆಳೆದವರು. ಮ್ಯಾನೇಜರು ಪೀಣ್ಯದ ಪಕ್ಕದ ಹಳ್ಳಿಯ ಒಕ್ಕಲು ಮನೆತನದವರು. ನೇಗಿಲು, ಮಚ್ಚು, ಟ್ರ್ಯಾಕ್ಟರ್ ಎಲ್ಲಕ್ಕೂ ಕುಂಕುಮವಿಟ್ಟು ಬೆಳೆದವರು. ಕೈಮುಗಿಯದವನು ನಾಸ್ತಿಕ ಎಂದೇ ಅವರು ಕಲಿತದ್ದು, ನನ್ನ ತಾಯಿ ನನಗೆ ಕಲಿಸಿದ್ದೂ ಅದನ್ನೇ. ಕಲಿಯಲಿ, ಬೇಡವೆಂದವರಾರು? ಆದರೆ ಆ ಅಳತೆಗೋಲು ಹಿಡಿದು ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕುವುದೇ?

ವಿಚಾರಣೆಯಲ್ಲಿ ಆಪರೇಟರ್ ಒಬ್ಬ ಎದ್ದು, “ಸಾರ್, ಅವ್ರು ಲಿಂಗ ಕಟ್ಕೊಂಡವ್ರೆ” ಎಂದ.

“ಹಂಗಾದ್ರೆ ಗುಂಡಿ ಬಿಚ್ಚಿ ತೋರಿಸ್ರೀ, ಮುಗೀತು” ಎಂದರು ಮ್ಯಾನೇಜರ್.

“ಪುರಾವೆ ಅಂತ ತೋರಸೂದಲ್ರೀ ಅದು. ತೋರಸಂಗಿಲ್ಲ” ಎಂದರು ರುದ್ರಪ್ಪ.

ಒಂದು ಗುಂಡಿ ಬಿಚ್ಚಿದ್ದರೆ ಕೆಲಸ ಉಳಿಯುತ್ತಿತ್ತು. ಅವರು ಬಿಚ್ಚಲಿಲ್ಲ. ಆಗ ಮೂಲೆಯಲ್ಲಿದ್ದ ಕ್ವಾಲಿಟಿ ಎಂಜಿನಿಯರ್ ಕಿರಣ್ ಎದ್ದು ನಿಂತ.

“ಸಾರ್, ಈ ರೂಮಲ್ಲಿ ದೇವ್ರನ್ನ ನಂಬದೇ ಇರೋನು ನಾನು. ಆವತ್ತು ಕುಂಬಳಕಾಯಿ ಒಡೆದಿದ್ದೂ ನಾನೇ. ಚಿಕ್ಕಂದಿನಿಂದ ಮನೇಲಿ ಒಡೀತಿದ್ವಿ, ಒಡೆದೆ.”

ಯಾರೋ ಕಿಸಕ್ಕೆಂದರು. ನನಗೆ ನಗು ಬರಲಿಲ್ಲ. “ಗಾರ್ಡ್ ಬಿಚ್ಚಿಸಿದವರು ಯಾರು ಅಂತ ಈಗಲಾದ್ರೂ ಕೇಳೋಣ್ವಾ?” ಎಂದು ಜೋರಾಗಿಯೇ ಕೇಳಿದೆ. ಉತ್ತರ ಸಿಗದಿದ್ದರೆ ನನ್ನ ವರದಿ ನೇರ ಕಾರ್ಖಾನೆಗಳ ಇಲಾಖೆಗೆ ಹೋಗುತ್ತದೆ ಎಂದೆ. ಅಲ್ಲಿಗೆ ವಿಚಾರಣೆ ಮುಗಿಯಿತು, ರುದ್ರಪ್ಪನವರ ಕೆಲಸ ಉಳಿಯಿತು. ಮರುದಿನವೇ ಗಾರ್ಡ್ ಕೂತಿತು.

ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ಬೆರಳು ಹೋದಾಗ ಯಂತ್ರವನ್ನು ನೋಡಬೇಕು, ಮನುಷ್ಯನ ಭಕ್ತಿಯನ್ನಲ್ಲ. ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ರುದ್ರಪ್ಪನವರೇ. ಅಂದು ವಿಚಾರಣೆಯಿಂದ ಹೊರಗೆ ಬರುವಾಗ ಮ್ಯಾನೇಜರು ರುದ್ರಪ್ಪನವರ ಹೆಗಲ ಮೇಲೆ ಕೈಯಿಟ್ಟು, “ಲಿಂಗ ಐತೆ ಅಂತ ಮೊದ್ಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತೇನ್ರೀ?” ಎಂದರು.

ರುದ್ರಪ್ಪ ಆ ಕೈ ಸರಿಸಿ ಕೇಳಿದರು: “ಲಿಂಗ ಇಲ್ಲದಿದ್ರ ಕೆಲಸದಿಂದ ತಗೀತಿದ್ರೇನ್ರೀ?”