ಒಗ್ಗರಣೆ ಹಾಕದ ಮನೆ

ಕೊಳ್ಳೇಗಾಲದಲ್ಲಿ ಕಾಫಿಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವವರೆಲ್ಲ ಮೂಗು ಅರಳಿಸಿದರೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ತುಟಿ ಬಿಗಿದು, ಒಂದು ಕೆನ್ನೆಯನ್ನು ತುಸು ಉಬ್ಬಿಸಿ. ಜೊತೆಯಲ್ಲಿದ್ದವರು ಹಲ್ಲುನೋವೇ ಎಂದು ಕೇಳುತ್ತಾರೆ. ಇದ್ದರೂ ಇರಬಹುದೆಂದು ಆಮೇಲೆ ಎರಡು ದಿನ ನಾನೇ ಚಿಂತೆ ಮಾಡುತ್ತೇನೆ. ನನ್ನ ಸ್ವಭಾವವೇ ಹಾಗೆ. ಕಾರಣ ಮಾತ್ರ ಹಲ್ಲಲ್ಲ, ನಮ್ಮಜ್ಜಿಯ ಹುಳು.

ಅರವತ್ತರ ದಶಕದಲ್ಲಿ ನಮ್ಮೂರಿನಲ್ಲಿ ರೇಷ್ಮೆ ಹುಳುವಿಗೆಂದು ಬೇರೆ ಕಟ್ಟಡ ಕಟ್ಟುತ್ತಿರಲಿಲ್ಲ. ನಡುಮನೆಯನ್ನು ಅವಕ್ಕೆ ಬಿಟ್ಟುಕೊಟ್ಟು, ನಾವು ಜಗುಲಿ ಮತ್ತು ಹಿತ್ತಿಲಿಗೆ ಹಂಚಿಹೋಗುತ್ತಿದ್ದೆವು. ಹುಳುವಿಗೆ ಘಾಟು ಆಗದು ಎಂಬುದು ಅಜ್ಜಿಯ ಶಾಸನ. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟಿ ಮುಗಿಯುವ ತನಕ, ಸುಮಾರು ಒಂದು ತಿಂಗಳು, ಮನೆಯಲ್ಲಿ ಒಗ್ಗರಣೆ ಇಲ್ಲ. ಸಾಸಿವೆ ಸಿಡಿಯುವಂತಿಲ್ಲ, ಒಣಮೆಣಸಿನಕಾಯಿ ಹುರಿಯುವಂತಿಲ್ಲ. ಬೇಯಿಸಿದ ಸೊಪ್ಪಿನ ಸಾರು, ಮುದ್ದೆ, ಮಜ್ಜಿಗೆ, ಮತ್ತೆ ಮಾರನೆಯ ದಿನವೂ ಅದೇ. ಕಾಫಿಯ ಹೆಸರೆತ್ತುವಂತಿರಲಿಲ್ಲ. ಅಪ್ಪ ಪೇಟೆಗೆ ಹೋದಾಗ ಹೋಟೆಲಿನಲ್ಲಿ ಕದ್ದು ಕುಡಿದು ಬರುತ್ತಿದ್ದರು. ಅಜ್ಜಿ ಬಾಗಿಲಲ್ಲೇ ತಡೆದು, ಬೆಳೆದ ಮಗನ ಮೀಸೆ ಮೂಸಿ ನೋಡಿ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಕಳಿಸುತ್ತಿದ್ದಳು. ವಿಚಿತ್ರವೆಂದರೆ, ಏನನ್ನೂ ಕರಿಯದ ಆ ಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು ದೂರದಲ್ಲೆಲ್ಲೋ ಹಪ್ಪಳ ಕರಿಯುತ್ತಿರುವಂತೆ ಇಡೀ ದಿನ ಕೇಳುತ್ತಿತ್ತು. ನಾನು ಮುದ್ದೆಗೆ ಆ ಸದ್ದನ್ನೇ ನಂಚಿಕೊಂಡು ನುಂಗುತ್ತಿದ್ದೆ. ಗೂಡು ಮಾರಿ ಬಂದ ದಿನ ಒಗ್ಗರಣೆ, ಕಜ್ಜಾಯ, ಕಾಫಿ ಎಲ್ಲ ಒಟ್ಟಿಗೆ ಮನೆಗೆ ಮರಳುತ್ತಿದ್ದವು. ವಾಸನೆಗೆ ಹಸಿದದ್ದು ಗೊತ್ತಿದ್ದವರಿಗೆ ಆ ದಿನ ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಮಾಂಬಳ್ಳಿಗೆ ಕೊಟ್ಟಿದ್ದ ದೇವಮ್ಮಣ್ಣಿ ಅತ್ತೆ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಳು. ಮೊದಲನೆಯ ಬಸಿರು ಅವಳಿಗೆ ನಿಂತಿರಲಿಲ್ಲ. ಹಾಗಾಗಿ ಮನೆಯವರೆಲ್ಲ ಅವಳು ನಡೆದರೆ ನೆಲ ನೋಡುತ್ತಿದ್ದರು, ಕೂತರೆ ಮುಖ ನೋಡುತ್ತಿದ್ದರು. ಅವಳು ಬಂದದ್ದು ಹುಳು ಕೊನೆಯ ಪೊರೆ ಕಳಚಿ, ಹಗಲು ರಾತ್ರಿಯೆನ್ನದೆ ಮೇಯುತ್ತಿದ್ದ ಹೊತ್ತಿನಲ್ಲಿ. ನಾಲ್ಕು ದಿನ ಒಗ್ಗರಣೆಯಿಲ್ಲದ ಸಾರು ನೋಡಿ ಅತ್ತೆ ಐದನೆಯ ದಿನ ತಟ್ಟೆ ದೂಡಿದಳು. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಕೂಸು ಮಿಸುಕಿಲ್ಲವೆಂದೂ ಮೆಲ್ಲಗೆ ಹೇಳಿದಳು. ಏನು ಬೇಕೆಂದು ಅಜ್ಜಿ ಕೇಳಿದ್ದಕ್ಕೆ, ಬರುವಾಗ ತಂದಿದ್ದ ಹಸಿ ಕಾಫಿಬೀಜದ ಗಂಟನ್ನು ತೋರಿಸಿದಳು.

"ಕುಡಿಯಕ್ಕಲ್ಲ ಕಣವ್ವ. ಉರಿಯೋ ಗಮಲು ಒಂದ್ಸಲ ಮೂಗಿಗೆ ಬಿದ್ರ ಸಾಕು."

"ನಿಂಗ ಬಂದಿರೋದು ಬಯಕೆಯೋ, ನನ್ನ ಉಳಕ್ಕ ಬಂದಿರೋ ಗಂಡಾಂತರವೋ," ಎಂದಳು ಅಜ್ಜಿ.

ಎಂದಳೇ ಹೊರತು ಸುಮ್ಮನೆ ಕೂರಲಿಲ್ಲ. ಅಂಗಳದ ನಡುವೆ ನಿಂತು ಒಂದು ಹಿಡಿ ರಾಗಿ ಹೊಟ್ಟು ತೂರಿ, ಗಾಳಿ ಯಾವ ಕಡೆಗೆಂದು ನೋಡಿದಳು. ಹೊಟ್ಟು ಊರಾಚೆಯ ಕೆರೆಯ ಕಡೆ ಹಾರಿತು. ಬಾಣಲೆ, ಸೌದೆ, ಬೆಂಕಿಪೊಟ್ಟಣ ಕೊಟ್ಟು ಅತ್ತೆಯನ್ನೂ ನನ್ನನ್ನೂ ಕೆರೆ ಏರಿಗೆ ಅಟ್ಟಿದಳು. ಹುರಿದ ಬೀಜ ಮನೆಗೆ ಬರಕೂಡದು, ಅಲ್ಲೇ ಹುಣಸೆ ಮರಕ್ಕೆ ಕಟ್ಟಿ ಬರಬೇಕು. ಬಂದವರು ಬಾವಿಯ ಹತ್ತಿರವೇ ತಲೆಗೆ ನೀರು ಹಾಕಿಕೊಂಡು, ಬೇರೆ ಬಟ್ಟೆ ಉಟ್ಟು ಒಳಗೆ ಕಾಲಿಡಬೇಕು.

ಏರಿಯ ಮೇಲೆ ಮೂರು ಕಲ್ಲು ಹೂಡಿ ಅತ್ತೆ ಬೀಜ ಹುರಿದಳು. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಹುರಿಗಡಲೆಯದು, ಕೊನೆಗೆ ಬೀಜ ಚಟಪಟ ಸಿಡಿದು ಕಪ್ಪಾಗುತ್ತಿದ್ದಂತೆ ಬಂತು, ಮೂರು ವಾರದಿಂದ ನಾವು ಮರೆತೇಬಿಟ್ಟಿದ್ದ ಆ ಗಮಲು. ಅತ್ತೆ ಹೊಗೆಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. "ಒದೀತಾ ಅದ ಕಣ್ ಕೂಸೇ," ಎಂದಳು. ಒದೆಯುತ್ತಿತ್ತು.

ಅತ್ತೆ ಗಂಟನ್ನು ಮರಕ್ಕೆ ಕಟ್ಟುವಾಗ ನಾನು ಐದು ಬೀಜ ಕದ್ದೆ. ಬಟ್ಟೆ ಬದಲಾಯಿಸಬೇಕಾದ್ದರಿಂದ ಲಂಗದ ಅಂಚಿನಲ್ಲಿ ಗಂಟು ಹಾಕಲು ಆಗದು, ಕೆನ್ನೆಯೊಳಗಿಟ್ಟುಕೊಂಡೆ. ಸ್ನಾನ ಮಾಡಿ, ಉಸಿರು ಬಿಗಿಹಿಡಿದು, ಹುಳುವಿನ ತಟ್ಟೆಗಳನ್ನು ದಾಟಿ ಕೋಣೆ ಸೇರಿದೆ. ಒಂದಿಷ್ಟು ಚೀಪಿದೆ. ಕಹಿ. ಹಾಗೇ ನಿದ್ದೆ ಹತ್ತಿತು.

ಇಳಿಹೊತ್ತಿಗೆ ಎಚ್ಚರವಾದಾಗ ಮನೆಯಲ್ಲಿ ಸದ್ದಿರಲಿಲ್ಲ. ಹಪ್ಪಳ ಕರಿಯುವ ಸದ್ದು ನಿಂತಿತ್ತು. ನಡುಮನೆಗೆ ಬಂದು ನೋಡಿದರೆ ಸೊಪ್ಪು ಹಾಕಿದ್ದು ಹಾಕಿದಂತೆಯೇ ಇತ್ತು. ಒಂದು ಹುಳುವೂ ಬಾಯಿ ಹಾಕಿರಲಿಲ್ಲ. ನಾನು ನಿದ್ದೆಯಲ್ಲಿ ಉಸಿರಾಡಿದ್ದೆ. ವರ್ಷವಿಡೀ ಮನೆ ನಡೆಸುವ ಬೆಳೆಯನ್ನು ಒಂದೇ ಮಧ್ಯಾಹ್ನದಲ್ಲಿ ಕೊಂದಿದ್ದೆ. ಆಮೇಲಿನ ಬದುಕಿನಲ್ಲಿ ಎಷ್ಟೋ ವಿಷಯಕ್ಕೆ ಹೆದರಿದ್ದೇನೆ, ಅವುಗಳಲ್ಲಿ ಮುಕ್ಕಾಲು ಪಾಲು ನಡೆಯಲೇ ಇಲ್ಲ. ಆ ದಿನದ ಹೆದರಿಕೆಗೆ ಅವು ಯಾವುವೂ ಸಮನಲ್ಲ. ಹಿತ್ತಿಲಿಗೆ ಓಡಿ, ನೆಂದು ಮೆತ್ತಗಾಗಿದ್ದ ಐದು ಬೀಜವನ್ನೂ ಅಜ್ಜಿಯ ಅಂಗೈಗೆ ಉಗುಳಿ, ಹುಳು ಸಾಯಿಸಿಬಿಟ್ಟೆ ಎಂದು ಗೋಳಾಡಿದೆ.

ಅಜ್ಜಿ ಮುಷ್ಟಿ ಬಿಗಿದು ಒಳಗೆ ಓಡಿದಳು. ಇನ್ನೊಂದು ಕೈಯಲ್ಲಿ ಒಂದು ಹುಳುವನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಅದರ ಮೈ ಜೇನಿನಂತೆ ಬೆಳಕನ್ನು ಒಳಗೆ ಬಿಟ್ಟುಕೊಂಡಿತು.

"ಸತ್ತಿಲ್ಲ ಕಣ್ ಕೂಸೇ. ಅಣ್ಣಾಗವ."

ಹಣ್ಣಾದ ಹುಳು ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ನಾವು ಅಂದುಕೊಂಡದ್ದಕ್ಕಿಂತ ಒಂದು ದಿನ ಮೊದಲೇ ಹಣ್ಣಾಗಿದ್ದವು, ಅಷ್ಟೆ. ಅದಕ್ಕೆ ಸೆಕೆ ಕಾರಣವೋ ನನ್ನ ಬಾಯಿಯೋ ಎಂದು ನನಗೆ ಈಗಲೂ ಕುತೂಹಲವಿದೆ. ತಿಳಿದವರನ್ನು ಕೇಳಲು ಧೈರ್ಯವಿಲ್ಲ. ಮನೆಮಂದಿಯೆಲ್ಲ ಸೇರಿ ಹುಳು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟರು. ಅಜ್ಜಿ ಮಾತ್ರ ಒಂದೇ ಕೈಯಲ್ಲಿ ಆರಿಸುತ್ತಿದ್ದಳು. ಇನ್ನೊಂದು ಮುಷ್ಟಿ ಬಿಚ್ಚಲೇ ಇಲ್ಲ.

ಕೆಲಸ ಮುಗಿದ ಮೇಲೆ ಅವಳು ಹಿತ್ತಿಲಿನ ಆಚೆ ತುದಿಗೆ ಹೋದಳು. ಬೈಗುಳ ಅಲ್ಲಿ ಕಾದಿದೆಯೆಂದು ನಾನೂ ಹಿಂದೆ ಹೋದೆ. ಅವಳು ಮುಷ್ಟಿ ಬಿಚ್ಚಿ, ಒಂದು ಬೀಜವನ್ನು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಇನ್ನೊಬ್ಬರು ತುಟಿಯಿಟ್ಟ ಲೋಟವನ್ನು ಮುಟ್ಟದವಳು, ನನ್ನ ಎಂಜಲನ್ನು. ಐದನ್ನೂ ಮುಗಿಸಿ ನನ್ನ ಕಡೆ ತಿರುಗಿ, "ಯಾರ್ಗೂ ಏಳ್ಬ್ಯಾಡ," ಎಂದಳು. ಇಷ್ಟು ವರ್ಷ ಹೇಳಿರಲಿಲ್ಲ.

ಅತ್ತೆಗೆ ಮಗ ಹುಟ್ಟಿದ. ಅವನೀಗ ಟೀ ಬಿಟ್ಟು ಬೇರೇನೂ ಕುಡಿಯುವುದಿಲ್ಲ. ಈಗ ಅತ್ತೆಯೂ ಬದುಕಿಲ್ಲ, ಅಜ್ಜಿಯೂ ಬದುಕಿಲ್ಲ. ಪಾಲಾದಾಗ ನಡುಮನೆಯ ಮಧ್ಯೆ ಗೋಡೆ ಎದ್ದು, ಎರಡು ಕಡೆಯೂ ಮೂರು ಹೊತ್ತು ಒಗ್ಗರಣೆ ಬೀಳುತ್ತದೆ. ಬಸುರಿಯ ಬಯಕೆ ಕೇಳಿದವರಿದ್ದರು, ಹುಳುವಿಗೆ ಏನಾಗದು ಎಂದು ಬಲ್ಲವರಿದ್ದರು. ಬೆಳೆ ಬೆಳೆಗೂ ಬಾಯಿ ಕಟ್ಟಿ ಕೂತ ಅಜ್ಜಿಗೆ ಏನು ಬೇಕಾಗಿತ್ತೆಂದು ಯಾರೂ ಕೇಳಿರಲಿಲ್ಲ. ಆ ಸಂಜೆ ಪಕ್ಕದಲ್ಲೇ ನಿಂತಿದ್ದ ನಾನೂ ಕೇಳಲಿಲ್ಲ. ಬೈಯಲಿಲ್ಲವಲ್ಲ ಎಂಬ ನೆಮ್ಮದಿಯೇ ನನಗೆ ದೊಡ್ಡದಾಗಿತ್ತು.