ಎರಡು ವರ್ಷಕ್ಕೆ ಸತ್ತ ಸಿಪಾಯಿ

ಲಾಕ್‌ಡೌನಿನ ಎರಡನೆಯ ಚಳಿಗಾಲದಲ್ಲಿ ನಾನು ಒಬ್ಬ ಸಿಪಾಯಿಯನ್ನು ಕೊಂದೆ. ಬೇಕೆಂದೇ ಅಲ್ಲ. ಅವಸರದಿಂದ, ಅದಕ್ಕಿಂತ ಹೆಚ್ಚಾಗಿ ಜಂಬದಿಂದ.

ಡಚ್ಚರ ನಾಡಿನ ವೂರ್‌ಬರ್ಗ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ನಾಲ್ಕರ ಡಚ್ ಅಜ್ಜಿ ಒಬ್ಬರೇ ಇದ್ದರು. ಅಂಗಡಿಗೆ ಹೋಗಲು ಅವರಿಗೆ ಭಯ. ಮನೆಯಲ್ಲೇ ಆಫೀಸು ನಡೆಸುತ್ತ ಗೋಡೆ ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಅವರ ಹಾಲು, ಬ್ರೆಡ್ಡು ತಂದಿಟ್ಟು ನಾನು ಮೆಟ್ಟಿಲ ಮೇಲೆ, ಅವರು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಒಂದೂವರೆ ಮೀಟರ್ ದೂರದಿಂದ ಹರಟುವುದು ರೂಢಿಯಾಯಿತು.

ಒಂದು ದಿನ ಕೇಳಿದರು: "ನೀನು ಕಂಪ್ಯೂಟರ್‌ನವಳಲ್ವಾ? ನಮ್ಮಪ್ಪ ಸುಳ್ಳುಗಾರ ಅಲ್ಲ ಅಂತ ಸಾಬೀತು ಮಾಡಿಕೊಡ್ತೀಯಾ?"

ಅವರ ವಂಶದ ಹಿರಿಯನೊಬ್ಬ ಇಲ್ಲೇ ಹಾರ್ಲೆಮ್ ಊರಿನ ನೇಕಾರನ ಮಗ. ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಆ ದೇಶ ಇಂಗ್ಲಿಷರ ವಿರುದ್ಧ ಎದ್ದಾಗ ಅದರ ಮೊದಮೊದಲ ಸೈನ್ಯದಲ್ಲಿ ಸಿಪಾಯಿಯಾಗಿ ಕಾದಾಡಿ, ವಾಪಸ್ಸು ಬಂದು ಸಂಸಾರ ಹೂಡಿದನಂತೆ. ಅಪ್ಪ ಇದನ್ನು ಹೇಳಿದಾಗ ಅಜ್ಜಿಯ ಅಣ್ಣ ಊಟದ ಮೇಜಿನಲ್ಲೇ, "ಅಪ್ಪ ಕಾಗೆ ಹಾರಿಸ್ತಿದಾರೆ" ಎಂದು ನಕ್ಕುಬಿಟ್ಟಿದ್ದನಂತೆ. ಅಪ್ಪ ಸಾಯುವ ತನಕ ಆ ಕತೆ ಮತ್ತೆ ಹೇಳಲಿಲ್ಲ. ಅಣ್ಣ ಈಗ ಹಾರ್ಲೆಮ್‌ನ ವೃದ್ಧಾಶ್ರಮದಲ್ಲಿ, ಭೇಟಿ ಬಂದ್. "ನಮ್ಮಿಬ್ಬರಲ್ಲಿ ಒಬ್ರು ಹೋಗೋದ್ರೊಳಗೆ ಅವನಿಗೆ ಹೇಳಬೇಕು" ಎಂದರು.

"ಅಯ್ಯೋ, ಅದೇನು ಮಹಾ ಬಿಡಿ" ಎಂದುಬಿಟ್ಟೆ. ದಿನವಿಡೀ ಬೇರೆಯವರ ಡೇಟಾದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ.

ಹಳೆಯ ಚರ್ಚ್ ಪುಸ್ತಕಗಳ ಚಿತ್ರಗಳು ಆನ್‌ಲೈನಿನಲ್ಲಿ ಸಿಕ್ಕಿದವು. ಆ ಕೈಬರಹವೋ, ಮಸಿಯಲ್ಲಿ ಬಿದ್ದ ಇರುವೆ ಓಡಾಡಿದ ಹಾಗೆ. ಮೂರು ವಾರ ಕಣ್ಣು ಕೀಲಿಸಿಕೊಂಡು ಓದಿದ ಮೇಲೆ ಸಿಕ್ಕಿದ! ಅಜ್ಜಿ ಹೇಳಿದ್ದೇ ಹೆಸರು, ಅದೇ ನೇಕಾರ ಅಪ್ಪ; ನಾಮಕರಣದ ದಿನವೂ ಬರೆದಿತ್ತು. ಆದರೆ ಸಮಾಧಿಯ ಪುಸ್ತಕದಲ್ಲೂ ಅದೇ ಹೆಸರು, ಅದೇ ಅಪ್ಪ. ಎರಡು ವರ್ಷದ ಮಗು. ಅಲ್ಲಿಗೆ ಲ್ಯಾಪ್‌ಟಾಪ್ ಮುಚ್ಚಿದೆ.

ಮೆಟ್ಟಿಲ ಮೇಲೆ ನಿಂತು ದೊಡ್ಡ ಪತ್ತೇದಾರನ ಹಾಗೆ ವರದಿ ಒಪ್ಪಿಸಿದೆ. ಅಜ್ಜಿ, "ಹಾಗಾದ್ರೆ ಅಣ್ಣ ಹೇಳಿದ್ದೇ ಸರಿ" ಎಂದಷ್ಟೇ ಹೇಳಿ, ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಆಮೇಲೆ ಹಾಲು ಇಟ್ಟರೆ ಗಾಜಿನ ಹಿಂದಿನಿಂದಲೇ ಕೈಬೀಸುತ್ತಿದ್ದರು.

ಹೋಗಲಿ, ಸಿಪಾಯಿ ಅವನ ತಮ್ಮನಾಗಿರಬಹುದೇ ಎಂದು ಒಂದು ಭಾನುವಾರ ಮತ್ತೆ ಆ ಪುಟಗಳನ್ನು ತೆರೆದೆ. ತಮ್ಮ ಇದ್ದ. ಅದೇ ಅಪ್ಪ ಅಮ್ಮ, ಮಗು ಸತ್ತ ಮರುವರ್ಷ ಹುಟ್ಟಿದವನು. ಹೆಸರು? ಅದೇ! ಬರೆದವನ ತಪ್ಪು ಎಂದುಕೊಂಡೆ. ಅಕ್ಕಪಕ್ಕದ ಸಂಸಾರಗಳನ್ನು ನೋಡಿದರೆ ಅಲ್ಲೂ ಹಾಗೇ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಈ ಜನರ ಪದ್ಧತಿಯಾಗಿತ್ತು.

ನಮ್ಮ ಕಡೆ ಇದನ್ನು ಯಾರು ಊಹಿಸಿಯಾರು! ಮಕ್ಕಳು ಹೋದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಯಮನಿಗೂ ಬೇಡವೆನಿಸುವಂಥ ಹೆಸರಿಡುತ್ತಿದ್ದ ಜನ ನಾವು. ಹೋದ ಮಗುವಿನ ಹೆಸರು ಹೋದ ಹಾಗೇ. ಅದಕ್ಕೇ ನಾನು ಸಮಾಧಿಯ ಸಾಲಿನಲ್ಲಿ ನಿಂತುಬಿಟ್ಟಿದ್ದೆ.

ಮುಂದೆ ಹುಡುಕಿದರೆ ಈ ಎರಡನೆಯವನ ಮದುವೆಯೂ ಸಿಕ್ಕಿತು. ಹೆಸರಿನ ಪಕ್ಕದಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ: ಅಮೆರಿಕದ ಸೈನ್ಯದಲ್ಲಿ ಸಿಪಾಯಿಯಾಗಿದ್ದು ಮರಳಿದವನು.

ಚಪ್ಪಲಿಯೂ ಇಲ್ಲದೆ ಕೆಳಗೋಡಿ ಬಾಗಿಲು ಬಡಿದೆ. "ಕ್ಷಮಿಸಿ, ನಂದೇ ತಪ್ಪು. ನಿಮ್ಮಪ್ಪ ಹೇಳಿದ್ದು ನಿಜ" ಎಂದು ಎಲ್ಲ ವಿವರಿಸಿದೆ. ಅಜ್ಜಿ ಅಲ್ಲೇ ನಿಂತು ವೃದ್ಧಾಶ್ರಮಕ್ಕೆ ಫೋನು ಹಚ್ಚಿದರು. ಅಣ್ಣನಿಗೆ ಕಿವಿ ಮಂದ. "ಅಪ್ಪ ಸುಳ್ಳು ಹೇಳಿರಲಿಲ್ಲ ಕಣೋ!" ಎಂದು ಮೂರು ಸಲ ಕೂಗಿದರು. ಆ ಕಡೆ ಮುದುಕ ಬಿಕ್ಕಿದ್ದು ನನಗೂ ಕೇಳಿಸಿತು.

ಫೋನಿಟ್ಟು ಅಜ್ಜಿ ನನ್ನತ್ತ ತಿರುಗಿದರು. "ಅಲ್ಲಮ್ಮ, ಇಷ್ಟು ಜಾಣೆ ನೀನು. ಆ ಮಗು ಸತ್ತಲ್ಲೇ ಯಾಕೆ ನಿಲ್ಲಿಸಿದೆ?"

ನಮ್ಮಲ್ಲಿ ತಿಪ್ಪೆಗೆ ಉರುಳಿಸುವುದನ್ನು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆಯೇ. ಮೈಸೂರಿನಲ್ಲಿ, ಈಗಿನ ಮಗಳಿಗಿಂತ ಮುಂಚೆ, ನನಗೊಂದು ಹೆಣ್ಣುಮಗು ಆಗಿತ್ತು. ತೊಟ್ಟಿಲು ಶಾಸ್ತ್ರ ಆಗಿ ಎಂಟೇ ದಿನಕ್ಕೆ ಹೋಯಿತು. "ಇನ್ನು ಆ ಹೆಸರು ಬಾಯಿಗೆ ತರಬೇಡ ಕಣೆ, ಹೊಟ್ಟೇಲಿ ಇನ್ನೊಂದು ನಿಲ್ಲಬೇಕಲ್ಲ" ಎಂದಿದ್ದಳು ಅಮ್ಮ. ತರಲಿಲ್ಲ. ಗಂಡನೂ ತರಲಿಲ್ಲ. ನನಗೆ ಆ ಕಟ್ಟಳೆಯ ಮೇಲೆ ಎಷ್ಟು ಸಿಟ್ಟಿತ್ತೆಂದು ಆಗಲೇ ಗೊತ್ತಾದದ್ದು.

"ಏನು ಹೆಸರಿಟ್ಟಿದ್ದೆ?" ಅಜ್ಜಿ ಕೇಳಿದರು.

ಹೇಳಿದೆ. ಅಜ್ಜಿ ಮಾಸ್ಕ್ ಕೆಳಗಿಳಿಸಿ, ತಪ್ಪಬಾರದೆಂದು ನಿಧಾನವಾಗಿ, ಅದನ್ನು ತಾವೂ ಹೇಳಿದರು. ಹನ್ನೊಂದು ವರ್ಷದಲ್ಲಿ ನನ್ನ ಆ ಮಗಳನ್ನು ಬೇರೊಬ್ಬರು ಹೆಸರು ಹಿಡಿದು ಕರೆದದ್ದು ಅದೇ ಮೊದಲು.