ನನ್ನ ನಾಚಿಕಿಗೇಡಿ ಹಸಿವು

ಎಳ್ಳಮಾಸಿ ದಿನ ಚರಗ ಚೆಲ್ಲೂದು ನಮ್ಮ ಮನ್ಯಾಗ ನನ್ನ ಕೆಲಸ. ಕಡಬು, ಭಜ್ಜಿ, ಹೋಳಿಗಿ ಕಲಸಿದ ಬುಟ್ಟಿ ಹೊತ್ಕೊಂಡು ಬರಿಗಾಲಲೆ ಹೊಲ ಸುತ್ತಬೇಕು, ಭೂಮಿತಾಯಿಗೆ ಚೆಲ್ಲಬೇಕು. ಆಕಿ ಉಂಡ ಮ್ಯಾಲ ನಮ್ಮ ಊಟ. ಆ ವರ್ಷ ಜೋಳ ನನ್ನ ತಲಿಗಿಂತ ಎತ್ತರ ಬೆಳದಿತ್ತು. ಯಾರಿಗೆ ಕಾಣಸ್ತೈತಿ ಅಂತ ಬುಟ್ಟಿಗೆ ಕೈ ಹಾಕಿ ಗಬಗಬ ತಿಂದೆ. ತಿರುಗಿ ನೋಡಿದ್ರ ಮಗಳು! ಹಿಂದ ನೀರು ಚಿಮುಕಿಸ್ಕೋತ ಬಂದಾಕಿ ಚೊಂಬು ಹಿಡ್ಕೊಂಡು ನಿಂತಬಿಟ್ಟಿದ್ಲು. ಬೈದಿದ್ರ ಚೊಲೊ ಇತ್ತು.

ನನಗ ಸಕ್ಕರಿ ಬ್ಯಾನಿ. ಕಾಲುವಿ ನೀರು ಬಂದು ನಮ್ಮ ಹುಣಸಗಿ ಕಡೆ ಭತ್ತ ಬೆಳ್ಯಾಕತ್ತಿದ ಮ್ಯಾಲ ಎರಡೂ ಹೊತ್ತು ಅನ್ನ. ಭೀಮರಾಯನಗುಡಿ ನೀರಾವರಿ ಕ್ಯಾಂಪಿನಾಗ ಗುಮಾಸ್ತಗಿರಿ, ದಿನಾ ಕುರ್ಚಿ ಮ್ಯಾಲ ಕುಂಡ್ರೂದು. ಉಂಡು ಕೈ ತೊಳಿಯೂದ್ರಾಗ ಮತ್ತ ಹಸಿವು. "ಹೊಟ್ಟಿಯೋ ಕಾಳು ತುಂಬೋ ಹಗೇವೋ ನಿಮ್ದು?" ಅಂತಿದ್ಲು ಹೆಂಡ್ತಿ. ಬಂದವರ ಮುಂದೂ ಅಂತಿದ್ಲು.

ಮಗಳು ಪಶುವೈದ್ಯಕೀಯ ಓದಾಕಿ, ಇಲಿಗೋಳ ಮ್ಯಾಲ ಅಭ್ಯಾಸ ಮಾಡ್ತಿದ್ಲು. ಅವತ್ತು ಸಂಜಿಮುಂದ ಹತ್ರ ಬಂದು ಕುಂತಳು. "ಅಪ್ಪಾ, ಸಕ್ಕರಿ ಬ್ಯಾನಿ ಹತ್ತಿದ ಇಲಿ ಹೊಟ್ಟ್ಯಾಗ ಹಸಿವು ಹುಟ್ಟಸೋ ಹಾರ್ಮೋನು ಹೆಚ್ಚಾಗ್ತದರಿ. ಎಷ್ಟ ತಿಂದ್ರೂ ಅದಕ್ಕ ಸಾಲಂಗಿಲ್ಲ. ನೀವು ಬೇಕಂತ ಮಾಡಿದ್ದಲ್ಲ." ಸಮಾಧಾನ ಮಾಡಾಕ ಅಂದಿದ್ಲು. ನನಗೋ, ಇಲಿ ಸಾಲಿಗೆ ಸೇರಿದ್ನೆಲ್ಲಪಾ ಅಂತ ಇನ್ನಷ್ಟು ನಾಚಿಕಿ. ಇನ್ನ ಬಾಯಿ ಕಟ್ಟೂದs ಖರೆ ಅಂತ ಹಟ ಹಿಡ್ದೆ.

ಆಕಿ ಕಾಲೇಜಿಗೆ ಹೋದ ಮ್ಯಾಲ ಸ್ವಲ್ಪ ದಿನಕ್ಕ ನನ್ನ ಹಸಿವು ಹೋಗೇಬಿಡ್ತು. ತಾಟು ಸರಸಿದೆ. ಅಬಬಬಾ, ಏನ ಜಂಬ ನಂದು! ಚಾದಂಗಡ್ಯಾಗ ಕುಂತು "ನಾಲಿಗಿ ಗೆದ್ದೀನ್ರಪಾ" ಅಂತ ಕೊಚ್ಚಿಕೊಂಡೆ. ಹೆಂಡ್ತಿ ಸೈತ ಶಭಾಷ್ ಅಂದ್ಲು. ಮಗಳಿಗೆ ನಾನs ಫೋನ್ ಹಚ್ಚಿ ಹೇಳಿದೆ.

ಆಕಿ ತಟ್ಟನ ಕೇಳಿದ್ಲು, "ಅಪ್ಪಾ, ಮೈ ಬಿಸಿ ಅದ ಏನ್ರಿ? ಎಲ್ಲೆರ ಗಾಯ, ಬಾವು?"

"ಏನಿಲ್ಲ ಬಿಡವಾ. ಇದು ನನ್ನ ಹಟ."

"ಮೈಯಾಗ ಉರಿ, ಬಾವು ಎದ್ರ ಇಲಿಗೋಳಿಗೆ ಅದs ಹಾರ್ಮೋನು ಇಳೀತದರಿ. ಕಾಳು ಮುಟ್ಟಂಗಿಲ್ಲ ಅವು. ಅವ್ವಗ ನಿಮ್ಮ ಕಾಲು ನೋಡು ಅನ್ರಿ, ಈಗs."

ಹೆಂಡ್ತಿ ನನ್ನ ಅಂಗಾಲು ಎತ್ತಿ ನೋಡಿ "ಯವ್ವಾ!" ಅಂತ ಚೀರಿದ್ಲು. ಚರಗ ತಿನ್ನೋ ಗಡಿಬಿಡ್ಯಾಗ ಜೋಳದ ನಡುವ ಕೊಯ್ದ ತೊಗರಿ ಸಾಲಿನ ಚೂಪು ಕೂಳಿ ತುಳಿದಿದ್ದೆ. ಸಕ್ಕರಿ ಬ್ಯಾನಿಗೆ ಜೋಮು ಹಿಡಿದ ಕಾಲು, ಚುಚ್ಚಿದ್ದು ಗೊತ್ತಾಗಿರಲಿಲ್ಲ. ಒಳಗ ಕೀವು ತುಂಬಿತ್ತು, ಕಾಲಿನ ಎರಡು ಬೆರಳು ಕರ್ರಗಾಗಿದ್ವು. ನಾ ಗೆದ್ದಿದ್ದು ಏನೂ ಇರಲಿಲ್ಲ.

ದವಾಖಾನ್ಯಾಗ ಆ ಎರಡೂ ಬಳ್ಳು ತಗದ್ರು. ಬಾವು ಇಳೀಲಿಲ್ಲಂದ್ರ ಪಾದನೂ ಹೋಗ್ತದ ಅಂದ್ರು ಡಾಕ್ಟರು. ಮಗಳು ಓಡಿ ಬಂದಾಕಿ ನನ್ನ ಹಾಸಿಗಿ ಬಾಜೂನಿಂದ ಏಳಲಿಲ್ಲ. ಆಕಿ ಮಾರಿ ನೋಡಾಕ ಆಗದs ಗ್ವಾಡಿ ಕಡೆ ತಿರುಗಿ ಮಲಗ್ತಿದ್ದೆ.

ಒಂದು ಮುಂಜಾನಿ ಹೊಟ್ಟಿ ಗುರ್ ಅಂತು. ಇಷ್ಟಾದ್ರೂ ಈ ಹೊಟ್ಟಿಗೆ ಮಾನ ಇಲ್ಲಲ್ಲ ಅಂತ ಚಾದರ ಮಾರಿಮ್ಯಾಲ ಎಳ್ಕೊಂಡೆ.

"ಅಪ್ಪಾ, ಹಸಿವಾತೇನ್ರಿ?"

"ಹ್ಞೂಂ... ಸ್ವಲ್ಪ."

ಬಳ್ಳು ತಗದಾಗ ಕಣ್ಣೀರು ಹಾಕದಾಕಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಅಳಕೋತನs "ಬಾವು ಇಳ್ಯಾಕತ್ತದರಿ ಅಪ್ಪಾ" ಅಂತ ಅರ್ಧ ರೊಟ್ಟಿ ಮುರಿದು ಕೈಯಾಗ ಇಟ್ಲು. ಅಳಬ್ಯಾಡವಾ ಅನ್ನಬೇಕಿತ್ತು ನಾನು. ರೊಟ್ಟಿ ತಿಂದು ಮುಗಿಸಿ, ಇನ್ನರ್ಧ ಅದ ಏನವಾ ಅಂತ ಕೇಳಿದೆ.